ರಿಪೋರ್ಟ್ ನಾರ್ಮಲ್, ಎದೆ ಮಾತ್ರ ಡವಡವ

ಆಟಿ ತಿಂಗಳ ಮಳೆ. ಉಡುಪಿಯಲ್ಲಿ ರಾತ್ರಿ ಎರಡು ಗಂಟೆ, ಕರೆಂಟ್ ಇಲ್ಲ. ನಿದ್ದೆಯಿಂದ ದಡಬಡಿಸಿ ಎದ್ದು ಕೂತೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಎಷ್ಟು ಎಳೆದರೂ ಉಸಿರು ಸಾಲುತ್ತಿಲ್ಲ. ಐದು ನಿಮಿಷದಲ್ಲಿ ತುಟಿಯ ಸುತ್ತ ಜುಮುಜುಮು ಶುರುವಾಯಿತು. ಆಮೇಲೆ ಎರಡೂ ಕೈಯ ಬೆರಳುಗಳು ಸೆಟೆದುಕೊಂಡು ಒಳಕ್ಕೆ ಮಡಚಿಕೊಂಡವು. ಕೊರೋನಾ ಸಮಯದಲ್ಲಿ ತಂದಿಟ್ಟಿದ್ದ ಆಕ್ಸಿಮೀಟರ್ ಹುಡುಕಿ ಹೇಗೋ ಬೆರಳಿಗೆ ಸಿಕ್ಕಿಸಿದೆ. 99 ತೋರಿಸಿತು. ಉಸಿರಿಲ್ಲದೆ ಸಾಯುತ್ತಿದ್ದೇನೆ ಅಂತ ನನಗೆ ಅನಿಸುತ್ತಿದ್ದರೆ ಅದು ನೂರಕ್ಕೆ 99 ಮಾರ್ಕು ಕೊಡುತ್ತಿದೆ! ಮಿಷನ್ ಹಾಳಾಗಿದೆ ಅಂತಲೇ ಅಂದುಕೊಂಡೆ.

ಪಕ್ಕದ ಮನೆಯವರು ಕಾರು ತೆಗೆದರು. "ಜೋರಾಗಿ ಉಸಿರು ಎಳ್ಕೊಳ್ಳಿ, ಇನ್ನೂ ಜೋರಾಗಿ" ಅಂತ ದಾರಿಯುದ್ದಕ್ಕೂ ಧೈರ್ಯ ಹೇಳಿದರು. ನಾನು ಎಳೆದಷ್ಟೂ ಬೆರಳು ಇನ್ನಷ್ಟು ಸೆಟೆಯಿತು. ಆಸ್ಪತ್ರೆಯಲ್ಲಿ ಎದೆಗೆ ತಣ್ಣನೆಯ ಜೆಲ್ ಹಚ್ಚಿ ಇಸಿಜಿ ತೆಗೆದರು, ರಕ್ತ ತೆಗೆದರು, ಎರಡು ಗಂಟೆ ಮಲಗಿಸಿ ಇನ್ನೊಂದು ಇಸಿಜಿ ತೆಗೆದರು. ಬೆಳಗಿನ ಜಾವ ಡಾಕ್ಟ್ರು ಬಂದು, "ಎಂತ ಇಲ್ಲ ಮಾರಾಯ್ರೆ, ಸುಮ್ನೆ ಟೆನ್ಶನ್. ಮನೆಗೆ ಹೋಗಿ ಮಲಗಿ" ಅಂದರು. ನನಗೆ ಸಮಾಧಾನಕ್ಕಿಂತ ಸಿಟ್ಟೇ ಜಾಸ್ತಿ ಬಂತು. ನಿದ್ದೆಯಲ್ಲಿದ್ದವನಿಗೆ ಎಂತ ಟೆನ್ಶನ್?

ಅವರು ಹೇಳಿದ್ದು ಸರಿಯೇ ಆಗಿತ್ತು. ಅದು ನನಗೆ ಅರ್ಥ ಆಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕಾಯಿತು. ಆದರೆ ಅದೇ "ಸುಮ್ನೆ ಟೆನ್ಶನ್" ಅನ್ನುವ ಮಾತು ನನ್ನ ಚಿಕ್ಕಮ್ಮನ ವಿಷಯದಲ್ಲಿ ಪೂರ್ತಿ ತಪ್ಪಾಗಿತ್ತು.

ಚಿಕ್ಕಮ್ಮ ಮಂಗಳೂರಿನಲ್ಲಿರುವುದು. ಆಗ 46 ವಯಸ್ಸು. ಒಬ್ಬನೇ ಮಗ ದುಬೈಗೆ ಹೋದ. ಅದರ ಬೆನ್ನಿಗೇ ಅವರಿಗೆ ಸುಸ್ತು, ಎದೆ ಬಡಿತ, ತಲೆ ಹಗುರಾದ ಹಾಗೆ ಆಗುವುದು ಶುರುವಾಯಿತು. ಕದ್ರಿ ದೇವಸ್ಥಾನದ ಹಿಂದಿನ ಮೆಟ್ಟಿಲು ಹತ್ತುವಾಗ ಮೂರು ಕಡೆ ಕೂರುತ್ತಿದ್ದರು. ಮಗ ಹೋದ ಬೇಜಾರು ಅಂತ ಮನೆಯವರು ಅಂದರು. ನಾನೂ ಅಂದೆ. ತೋರಿಸಿದ ಒಬ್ಬ ಡಾಕ್ಟ್ರೂ ಅದನ್ನೇ ಅಂದು ನಿದ್ದೆ ಬರುವ ಮಾತ್ರೆ ಬರೆದುಕೊಟ್ಟರು. ಒಂದು ವಿಚಿತ್ರ ಮಾತ್ರ ಎಲ್ಲರ ಕಣ್ಣಿಗೂ ಬಿದ್ದಿತ್ತು, ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಗೆರಸೆಯಲ್ಲಿ ಬೆಳ್ತಿಗೆ ಅಕ್ಕಿ ಹಾಕಿ ಆರಿಸಲು ಕೂತರೆ ಅವರು ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡು ಕಟಕಟ ಅಗಿಯುತ್ತಿದ್ದರು. ಮುಷ್ಟಿಗಟ್ಟಲೆ ಖಾಲಿಯಾಗುತ್ತಿತ್ತು. ಎಂಟು ತಿಂಗಳ ನಂತರ ಇನ್ನೊಬ್ಬ ಡಾಕ್ಟ್ರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಎರಡೇ ಪ್ರಶ್ನೆ ಕೇಳಿದರು: ಹಸಿ ಅಕ್ಕಿ ತಿನ್ನುವ ಆಸೆ ಉಂಟಾ? ತಿಂಗಳಿಗೆ ಎಷ್ಟು ದಿನ ಮುಟ್ಟು? ಹಿಮೋಗ್ಲೋಬಿನ್ 6.8 ಇತ್ತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಅನ್ನುತ್ತಾರೆ. ಗರ್ಭಕೋಶದಲ್ಲಿ ಗಡ್ಡೆಯಿತ್ತು, ತಿಂಗಳು ತಿಂಗಳೂ ರಕ್ತ ಜಾಸ್ತಿ ಹೋಗುತ್ತಿತ್ತು. ಕಬ್ಬಿಣದ ಅಂಶ ಕಡಿಮೆಯಾದವರಿಗೆ ಹಸಿ ಅಕ್ಕಿ, ಐಸು, ಮಣ್ಣು ತಿನ್ನಬೇಕು ಅನಿಸುವುದು ಡಾಕ್ಟ್ರುಗಳಿಗೆ ಗೊತ್ತಿರುವ ಹಳೇ ಲಕ್ಷಣ.

ಇಬ್ಬರದ್ದೂ ಒಂದೇ ಎದೆ ಡವಡವ, ಒಂದೇ ಉಸಿರು ಕಟ್ಟುವಿಕೆ. ಒಂದು ಆತಂಕದ್ದು, ಇನ್ನೊಂದು ರಕ್ತದ್ದು. ನಾನು ಡಾಕ್ಟರಲ್ಲ. ಆದರೆ ಈ ಎರಡರ ನಡುವೆ ವ್ಯತ್ಯಾಸ ಹೇಗೆ ಹುಡುಕುತ್ತಾರೆ ಅಂತ ಆಮೇಲೆ ತುಂಬ ಓದಿದೆ, ಗೊತ್ತಿದ್ದವರನ್ನೆಲ್ಲ ಕೇಳಿದೆ.

ಆತಂಕಕ್ಕೂ ಮೈ ಉಂಟು

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಬೇಕು. ಆತಂಕದಿಂದ ಬಂದ ಎದೆ ಬಡಿತ "ಅನಿಸಿದ್ದು" ಅಲ್ಲ. ಹೃದಯ ನಿಜವಾಗಿಯೂ ನಿಮಿಷಕ್ಕೆ 120 ಸಲ ಹೊಡೆದುಕೊಳ್ಳುತ್ತಿರುತ್ತದೆ. ಕೈ ನಿಜವಾಗಿಯೂ ನಡುಗುತ್ತದೆ. ನಾಟಕ ಎಲ್ಲೂ ಇಲ್ಲ.

ಸಂಜೆ ಅಂಗಳಕ್ಕೆ ಇಳಿಯುತ್ತೀರಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಾಗರಹಾವು. ಹಾವು ಅಂತ ಮನಸ್ಸು ಹೇಳುವ ಮೊದಲೇ ಕಾಲು ಹಿಂದಕ್ಕೆ ಹಾರಿರುತ್ತದೆ. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಕೈಕಾಲಿನ ಸ್ನಾಯುಗಳಿಗೆ ರಕ್ತ ಬೇಕು, ಹಾಗಾಗಿ ಹೃದಯ ಓಡುತ್ತದೆ. ಜೀರ್ಣದ ಕೆಲಸ ಆಮೇಲೆ ನೋಡೋಣ ಅಂತ ಹೊಟ್ಟೆಯ ರಕ್ತ ಕಡಿಮೆಯಾಗುತ್ತದೆ, ಅದಕ್ಕೇ ಹೊಟ್ಟೆಯೊಳಗೆ ಸಂಕಟ. ಬಾಯಿ ಒಣಗುತ್ತದೆ, ಅಂಗೈ ಬೆವರಿ ತಣ್ಣಗಾಗುತ್ತದೆ. ಹೋರಾಡು, ಇಲ್ಲವೇ ಓಡು ಅನ್ನುವ ಈ ಸಿದ್ಧತೆಯನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರಿಸಿದ್ದರು. ಹಾವು ಹೋದ ಮೇಲೂ ಕಾಲು ಗಡಗಡ ಅನ್ನುತ್ತದೆ ಅಲ್ವಾ? ಹಾವು ಹೋದಷ್ಟು ಬೇಗ ಅಡ್ರಿನಲಿನ್ ಹೋಗುವುದಿಲ್ಲ.

ಆತಂಕದ ತೊಂದರೆ ಇರುವವರಲ್ಲಿ ಹಾವು ಇಲ್ಲದೆಯೂ ಇದೆಲ್ಲ ಆಗುತ್ತದೆ. ತೆಂಗಿನ ಗರಿ ಬಿದ್ದರೂ ಕೂಗಿಕೊಳ್ಳುವ ಕಾರಿನ ಅಲಾರ್ಮ್ ನೋಡಿದ್ದೀರಲ್ಲ, ಹಾಗೆ. ಕಾರಿಗೆ ಏನೂ ಆಗಿಲ್ಲ, ಅಲಾರ್ಮ್ ಮಾತ್ರ ತೀರಾ ಸೂಕ್ಷ್ಮ. ನಿದ್ದೆ ಕೆಟ್ಟ ವಾರ, ಕಾಫಿ ಜಾಸ್ತಿಯಾದ ದಿನ, ಜ್ವರ ಬಿಟ್ಟ ಸುಸ್ತು, ಇವೆಲ್ಲ ಅದನ್ನು ಇನ್ನೂ ಸೂಕ್ಷ್ಮ ಮಾಡುತ್ತವೆ. ನಿದ್ದೆಯಲ್ಲೂ ಅದು ಕೂಗಬಹುದು. ಆತಂಕ ಹೀಗೆ ಒಮ್ಮೆಲೇ ಉಕ್ಕಿ ಬರುವುದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ, ನಿದ್ದೆಯಿಂದ ಎಬ್ಬಿಸುವಂಥದ್ದೂ ಅಪರೂಪವೇನಲ್ಲ.

ಇನ್ನು ಆ 99ರ ಕಥೆ. ಭಯದಲ್ಲಿ ನಾನು ಬೇಕಾದ್ದಕ್ಕಿಂತ ಜಾಸ್ತಿ ಉಸಿರಾಡುತ್ತಿದ್ದೆ. ಆಕ್ಸಿಜನ್ ಮೊದಲೇ ಭರ್ತಿ ಇತ್ತು, ಇನ್ನು ತುಂಬಲು ಜಾಗ ಇಲ್ಲ. ಆದರೆ ಪ್ರತಿ ಉಸಿರಿನ ಜೊತೆ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತಿತ್ತು. ಅದು ಬರೀ ಕಸ ಅಂತ ನಾವು ಶಾಲೆಯಲ್ಲಿ ಕಲಿತದ್ದು. ರಕ್ತದಲ್ಲಿ ಅದು ಇಷ್ಟು ಅಂತ ಇರಲೇಬೇಕು. ಕಡಿಮೆಯಾದರೆ ರಕ್ತ ಸ್ವಲ್ಪ ಕ್ಷಾರದ ಕಡೆ ವಾಲುತ್ತದೆ, ಆಗ ರಕ್ತದಲ್ಲಿ ಬಿಡಿಯಾಗಿರುವ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ, ನರಗಳು ಸುಮ್ಮಸುಮ್ಮನೆ ಕೆರಳುತ್ತವೆ. ತುಟಿಯ ಜುಮುಜುಮು, ಬೆರಳು ಸೆಟೆಯುವುದು ಎರಡೂ ಅದರಿಂದ. ಮೆದುಳಿನ ರಕ್ತನಾಳಗಳು ಕಿರಿದಾಗುವುದರಿಂದ ತಲೆ ತಿರುಗುತ್ತದೆ. ಇಷ್ಟಾಗುವಾಗ ಉಸಿರು ಸಾಲದು ಅಂತ ಅನಿಸುತ್ತದೆ, ಇನ್ನೂ ಜೋರಾಗಿ ಎಳೆಯುತ್ತೇವೆ, ಇನ್ನೂ ಕೆಡುತ್ತದೆ. ಪಕ್ಕದ ಮನೆಯವರ ಸಲಹೆ ಪ್ರೀತಿಯದ್ದೇ, ಆದರೆ ಉಲ್ಟಾ. ಎಳೆಯುವುದಕ್ಕಿಂತ ಬಿಡುವುದು ಉದ್ದ ಆಗಬೇಕು: ಮೆಲ್ಲ ಮೂಗಿನಿಂದ ಎಳೆದು, ಬಿಸಿ ಗಂಜಿ ಆರಿಸುವ ಹಾಗೆ ಬಾಯಿಯಿಂದ ನಿಧಾನವಾಗಿ ಬಿಡುವುದು. ಬಾಯಿಗೆ ಪೇಪರ್ ಚೀಲ ಹಿಡಿಯುವುದನ್ನು ಸಿನಿಮಾದಲ್ಲಿ ತೋರಿಸುತ್ತಾರೆ. ಅದು ಬೇಡ. ಒಂದು ವೇಳೆ ಅದು ಅಸ್ತಮಾವೋ ಹೃದಯದ್ದೋ ಆಗಿದ್ದರೆ ಅಪಾಯ.

ಗಮನಕ್ಕೂ ಇದರಲ್ಲಿ ಪಾಲಿದೆ. ಹೇನಿನ ಬಗ್ಗೆ ಯಾರಾದರೂ ಐದು ನಿಮಿಷ ಮಾತಾಡಲಿ, ನಿಮ್ಮ ತಲೆ ಕೆರೆಯಲು ಶುರುವಾಗುತ್ತದೆ. ಬಹುಶಃ ಈಗಲೇ ಆಗುತ್ತಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಎದೆ ತೋರಿಸಲು ಜನ ನುಗ್ಗಿದರು. 2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿ ಬಂದಾಗ ಮೈಸೂರಿನ ಜಯದೇವದಲ್ಲೂ ಅದೇ ಕ್ಯೂ. ಅವರಲ್ಲಿ ಎಷ್ಟೋ ಮಂದಿಗೆ ಎದೆಯಲ್ಲಿ ನಿಜವಾಗಿಯೂ ಏನೋ ಆಗುತ್ತಿತ್ತು. ದಿನಾ ಇರುವ ಸಣ್ಣಪುಟ್ಟ ಚುಚ್ಚು, ತಪ್ಪಿದ ಒಂದು ಬಡಿತ, ಎಲ್ಲರ ಎದೆಯಲ್ಲೂ ಇರುವಂಥದ್ದೇ. ಆವತ್ತು ಎಲ್ಲರೂ ಕಿವಿಗೊಟ್ಟು ಕೇಳಿದರು, ಅಷ್ಟೇ.

ಇದು ಈಗಿನ ಮೊಬೈಲ್ ಕಾಲದ ಕಾಯಿಲೆ ಅಂದುಕೊಳ್ಳಬೇಡಿ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆ ಬಡಿತ, ಎದೆನೋವು, ಸುಸ್ತು ಇದ್ದು ಹೃದಯದಲ್ಲಿ ರೋಗ ಕಾಣದೇ ಇದ್ದದ್ದನ್ನು ಜೇಕಬ್ ಡಕೋಸ್ಟಾ ಎಂಬ ವೈದ್ಯ 1871ರಲ್ಲಿ ಬರೆದಿಟ್ಟಿದ್ದಾರೆ. ಅವರು ಅದನ್ನು ಕೆರಳಿದ ಹೃದಯ ಅಂತ ಕರೆದರು.

ಕಥೆ ಕೇಳಬೇಕು

ಗುರುತಿಸುವುದು ಹೇಗೆ? ಅನುಭವಸ್ಥ ಡಾಕ್ಟ್ರುಗಳು ರಿಪೋರ್ಟ್‌ಗಿಂತ ಮೊದಲು ಕಥೆ ಕೇಳುತ್ತಾರೆ. ಯಾವಾಗ ಶುರುವಾಯಿತು, ಆಗ ಏನು ಮಾಡುತ್ತಿದ್ದಿರಿ, ಎಷ್ಟು ಹೊತ್ತು ಇತ್ತು, ಹೇಗೆ ಹೋಯಿತು.

ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೆ ಏರುತ್ತದೆ, ಆಮೇಲೆ ಅರ್ಧ ಗಂಟೆಯೊಳಗೆ ಮೆಲ್ಲಮೆಲ್ಲ ಇಳಿಯುತ್ತದೆ. ಸಮುದ್ರದ ಅಲೆಯ ಹಾಗೆ. ಹೃದಯದ ವಿದ್ಯುತ್ ದಾರಿಯಲ್ಲಿ ದೋಷ ಇದ್ದರೆ ಹಾಗಲ್ಲ. ಎಸ್‌ವಿಟಿ ಅನ್ನುವ ತೊಂದರೆಯಲ್ಲಿ ಬಡಿತ ಸ್ವಿಚ್ ಹಾಕಿದ ಹಾಗೆ ಒಂದೇ ಕ್ಷಣಕ್ಕೆ 150, 180ಕ್ಕೆ ಹೋಗುತ್ತದೆ, ಹಾಗೆಯೇ ಟಪ್ ಅಂತ ನಿಲ್ಲುತ್ತದೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ನಿಂತಿರುತ್ತದೆ, ಇಸಿಜಿ ನಾರ್ಮಲ್ ಬರುತ್ತದೆ, "ಟೆನ್ಶನ್" ಅಂತ ಹೆಸರಾಗುತ್ತದೆ. ಎಷ್ಟೋ ಹೆಣ್ಣುಮಕ್ಕಳು ಈ ಹೆಸರು ಹೊತ್ತುಕೊಂಡು ವರ್ಷಗಟ್ಟಲೆ ಓಡಾಡಿದ್ದಾರೆ. ಇಡೀ ದಿನ ಮೈಗೆ ಅಂಟಿಸಿಕೊಂಡು ಎದೆ ಬಡಿತ ದಾಖಲಿಸುವ ಹೋಲ್ಟರ್ ಮಿಷನ್ ಇರುವುದು ಇಂಥವರಿಗಾಗಿಯೇ.

ಮೆಟ್ಟಿಲು ಇನ್ನೊಂದು ಸುಳಿವು. ಹತ್ತುವಾಗ ಬಂದು ಕೂತಾಗ ಹೋಗುವ ಎದೆಬಿಗಿತ ಹೃದಯದ ಕಡೆ ಬೊಟ್ಟು ಮಾಡುತ್ತದೆ. ಸೋಫಾದಲ್ಲಿ ಕೂತಾಗ ಬಂದು, ಎದ್ದು ಕೆಲಸಕ್ಕೆ ಹತ್ತಿದರೆ ಮರೆತುಹೋಗುವಂಥದ್ದು ಆತಂಕದ ಕಡೆಗೆ. ಪರೀಕ್ಷೆ ಮಾಡಿ ನೋಡೋಣ ಅಂತ ಎದೆನೋವು ಇಟ್ಟುಕೊಂಡು ಗುಡ್ಡೆ ಹತ್ತಲು ಹೋಗಬೇಡಿ, ಮತ್ತೆ! ನೋವು ಎಲ್ಲಿ ಅಂತ ಕೇಳಿದಾಗ ಒಂದು ಬೆರಳಿನಿಂದ ತೋರಿಸುವ, ಕ್ಷಣಕ್ಕೆ ಚುಚ್ಚಿ ಹೋಗುವ ನೋವು ಹೃದಯದ್ದಾಗಿರುವುದು ಕಡಿಮೆ. ಮುಷ್ಟಿ ಕಟ್ಟಿ ಎದೆಯ ನಡುವೆ ಒತ್ತಿ ತೋರಿಸಿದರೆ ಡಾಕ್ಟ್ರು ಪೆನ್ನು ಕೆಳಗಿಡುತ್ತಾರೆ.

ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೆ ಆತಂಕದ ಪಡಿಯಚ್ಚು: ಬೆವರು, ನಡುಕ, ಬಡಿತ, ಸಿಡುಕು. ಹಳೇ ಡಾಕ್ಟ್ರುಗಳು ಕೈ ಕುಲುಕಿಯೇ ಅರ್ಧ ಅಂದಾಜು ಮಾಡುತ್ತಿದ್ದರು. ಆತಂಕದ ಅಂಗೈ ಒದ್ದೆ ಮತ್ತು ತಣ್ಣಗೆ, ಥೈರಾಯ್ಡಿನದ್ದು ಒದ್ದೆ ಮತ್ತು ಬಿಸಿ. ನಿದ್ದೆಯಲ್ಲಿ ಆತಂಕದವರ ನಾಡಿ ಇಳಿಯುತ್ತದೆ, ಥೈರಾಯ್ಡಿನವರದ್ದು ಆಗಲೂ ಓಡುತ್ತಲೇ ಇರುತ್ತದೆ. ಚೆನ್ನಾಗಿ ಉಂಡರೂ ತೂಕ ಇಳಿಯುತ್ತಿದ್ದರಂತೂ ಟಿಎಸ್‌ಎಚ್ ಅನ್ನುವ ಥೈರಾಯ್ಡಿನ ರಕ್ತಪರೀಕ್ಷೆ ಮಾಡಿಸಲೇಬೇಕು.

ಉಳಿದವರೂ ಇದ್ದಾರೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಊಟ ತಡ ಮಾಡಿದವರಿಗೆ ಸಕ್ಕರೆ 70ಕ್ಕಿಂತ ಕೆಳಗೆ ಹೋಗಿ ಬೆವರು, ನಡುಕ. ಬರೀ ಸಸ್ಯಾಹಾರದ ಮನೆಗಳಲ್ಲಿ ಬಿ12 ಕಡಿಮೆಯಾಗಿ ಪಾದದ ಜುಮುಜುಮು, ಇದು ಪ್ಯಾನಿಕ್‌ನ ಹಾಗೆ ಬಂದು ಹೋಗುವುದಿಲ್ಲ, ವಾರಗಟ್ಟಲೆ ಇರುತ್ತದೆ. ದಿನಾ ಕುಡಿಯುವವರು ಒಂದು ದಿನ ನಿಲ್ಲಿಸಿದರೆ ಬೆಳಿಗ್ಗೆ ಕೈ ನಡುಕ. ಅಸ್ತಮಾದ ಪಂಪ್ ಹೊಡೆದುಕೊಂಡ ಮೇಲಿನ ಎದೆ ಬಡಿತ. ನಮ್ಮೂರ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ ಬೆವರು ಹರಿದು ನೀರು ಕಡಿಮೆಯಾದರೂ ಎದ್ದು ನಿಂತಾಗ ಕಣ್ಣು ಕತ್ತಲೆ ಕಟ್ಟುತ್ತದೆ. ಅದಕ್ಕೆ ನಾವು "ಬಿಪಿ ಲೋ" ಅಂತ ಹೆಸರಿಟ್ಟು ಬೊಂಡ ಕುಡಿದು ಸುಮ್ಮನಾಗುತ್ತೇವೆ, ಹೆಚ್ಚಾಗಿ ಅಷ್ಟು ಸಾಕೂ ಆಗುತ್ತದೆ.

ಆತಂಕಕ್ಕೆ ಅದರದ್ದೇ ಗುರುತುಗಳೂ ಉಂಟು, ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ರೋಗ ಸಿಗದೇ ಇದ್ದರೆ ಕೊನೆಗೆ ಅಂಟಿಸುವ ಚೀಟಿ ಅದಲ್ಲ. ಈ ವಾರ ಎದೆ, ಮುಂದಿನ ವಾರ ಹೊಟ್ಟೆ, ಆಮೇಲೆ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಹೀಗೆ ಜಾಗ ಬದಲಾಗುವುದು. ಸುತ್ತಲಿನದ್ದೆಲ್ಲ ಕನಸಿನ ಹಾಗೆ ಕಾಣುವುದು. ಮತ್ತೆ ಬಂದರೆ ಅನ್ನುವ ಹೆದರಿಕೆಗೆ ಬಸ್ಸು, ಮದುವೆ ಹಾಲ್, ಲಿಫ್ಟು ತಪ್ಪಿಸುವುದು. ದಿನಕ್ಕೆ ಹತ್ತು ಸಲ ನಾಡಿ ಹಿಡಿದು ನೋಡುವುದು. ರಿಪೋರ್ಟ್ ಸರಿ ಬಂದರೆ ಮೂರು ದಿನ ಸಮಾಧಾನ, ನಾಲ್ಕನೇ ದಿನ "ಅವರು ಏನೋ ಬಿಟ್ಟಿರಬೇಕು" ಅನಿಸುವುದು. ಇದೆಲ್ಲ ನನಗೂ ಆಗಿದೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಪರಿಷ್ಕರಣೆ ಆದಾಗ ಮೈಯ ಲಕ್ಷಣಗಳ ತೊಂದರೆಗೆ "ಕಾರಣ ಸಿಗಲಿಲ್ಲ" ಅನ್ನುವ ಷರತ್ತನ್ನೇ ತೆಗೆದುಹಾಕಿದರು. ಲಕ್ಷಣದ ಸುತ್ತ ಎಷ್ಟು ಭಯ, ಎಷ್ಟು ಯೋಚನೆ, ಎಷ್ಟು ಸಮಯ ಹೋಗುತ್ತದೆ ಅನ್ನುವುದನ್ನು ನೋಡಲು ಹೇಳಿದರು. ರೋಗ ಇದ್ದವರಿಗೂ ಆತಂಕ ಇರಬಹುದು, ಆತಂಕ ಇದ್ದವರಿಗೂ ಹೃದಯಾಘಾತ ಆಗಬಹುದು. ಒಮ್ಮೆ ಫೈಲಿನ ಮೇಲೆ ಆತಂಕ ಅಂತ ಬರೆದ ಮೇಲೆ ಆ ಮನುಷ್ಯ ಏನು ಹೇಳಿದರೂ ಅದೇ ಕನ್ನಡಕದಲ್ಲಿ ನೋಡುವುದು ನನಗೆ ಕಂಡ ದೊಡ್ಡ ಅನ್ಯಾಯ.

ಕಾಯಬಾರದ್ದು

ಮೇಲೆ ಹೇಳಿದ ಸುಳಿವುಗಳೆಲ್ಲ ಒಮ್ಮೆ ಸರಿಯಾಗಿ ತೋರಿಸಿಕೊಂಡ ಮೇಲಿನ ಮಾತು. ಮೊದಲ ಸಲ ಬಂದ ಎದೆನೋವನ್ನು ಮನೆಯಲ್ಲಿ ಕೂತು ತೀರ್ಮಾನ ಮಾಡುವುದಲ್ಲ.

ನಮ್ಮ ಕಡೆಯ ಶತ್ರು ಒಂದೇ, "ಗ್ಯಾಸ್". ಎದೆಯ ಮೇಲೆ ಕಲ್ಲಿಟ್ಟ ಹಾಗಾಗಿ ಬೆವರು ಬಂದರೂ ಜೀರಿಗೆ ಕಷಾಯ, ಸೋಡಾ, ಓಮ, ಬೆನ್ನು ತಿಕ್ಕುವುದು. ಒಂದು ಗಂಟೆ ಹೋಯಿತು. ಎದೆಬಿಗಿತ ಕೆಲವು ನಿಮಿಷಕ್ಕೂ ಬಿಡದಿದ್ದರೆ, ಎಡಗೈಗೋ ದವಡೆಗೋ ಬೆನ್ನಿಗೋ ಹರಡಿದರೆ, ತಣ್ಣನೆ ಬೆವರು ಬಂದರೆ 108. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಸುಸ್ತು, ವಾಂತಿ, ಉಸಿರುಗಟ್ಟುವಿಕೆಯಾಗಿಯೂ ಬರಬಹುದು. ಮೊದಲ ಇಸಿಜಿ ನಾರ್ಮಲ್ ಬಂದರೂ ಮುಗಿಯಲಿಲ್ಲ. ಹೃದಯದ ಸ್ನಾಯುವಿಗೆ ಏಟಾದರೆ ರಕ್ತದಲ್ಲಿ ಟ್ರೋಪೋನಿನ್ ಅನ್ನುವ ಪ್ರೋಟೀನ್ ಏರಲು ಕೆಲವು ಗಂಟೆ ಹಿಡಿಯುತ್ತದೆ. ಆ ರಾತ್ರಿ ನನ್ನನ್ನು ಎರಡು ಗಂಟೆ ಮಲಗಿಸಿಕೊಂಡದ್ದು ಅದಕ್ಕೇ. ನಾನು ಅದನ್ನು ಬಿಲ್ ಜಾಸ್ತಿ ಮಾಡಲು ಅಂದುಕೊಂಡಿದ್ದೆ. ದೊಡ್ಡ ಆಸ್ಪತ್ರೆ ದೂರ ಅಂತಲೂ ಕೂರಬೇಡಿ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಶುರು ಮಾಡಿದ ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್ ಯೋಜನೆಯಿಂದ ಹಳ್ಳಿಯ ಎಷ್ಟೋ ಕ್ಲಿನಿಕ್ಕುಗಳಿಗೆ ಇಸಿಜಿ ಮಿಷನ್ ಬಂದಿದೆ. ಅಲ್ಲಿ ತೆಗೆದ ಇಸಿಜಿಯನ್ನು ತಜ್ಞರು ವಾಟ್ಸ್ಯಾಪ್‌ನಲ್ಲೇ ನೋಡುತ್ತಾರೆ.

ಓಡುವಾಗ ಅಥವಾ ಕೆಲಸ ಮಾಡುವಾಗ ಪ್ರಜ್ಞೆ ತಪ್ಪುವುದು, ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಎತ್ತಲು ಬರದಿರುವುದು, ಮಾತು ತೊದಲುವುದು, ಒಂದು ಕಾಲು ಊದಿಕೊಂಡು ಜೊತೆಗೆ ಉಸಿರು ಕಟ್ಟುವುದು, ಇವೂ ಕಾಯುವಂಥವಲ್ಲ. ಅವಸರವಿಲ್ಲದಿದ್ದರೂ ಬಿಡಬಾರದ್ದು ಬೇರೆ: ಕಾರಣವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ಸಂಜೆ ಜ್ವರ, ಕಪ್ಪು ಮಲ, ನುಂಗಲು ಕಷ್ಟ, ಮತ್ತು 50 ದಾಟಿದ ಮೇಲೆ ಹೊಸದಾಗಿ ಶುರುವಾದ ಯಾವುದೇ ತೊಂದರೆ.

ಎಷ್ಟು ಟೆಸ್ಟ್ ಸಾಕು?

ಸಾಮಾನ್ಯವಾಗಿ ರಕ್ತದ ಎಣಿಕೆ, ಸಕ್ಕರೆ, ಥೈರಾಯ್ಡ್, ಒಂದು ಇಸಿಜಿ, ಬೇಕಿದ್ದರೆ ಬಿ12. ಅದಕ್ಕಿಂತ ಮುಂದೆ ಹೋಗುವುದು ಕಥೆ ಕೇಳಿದ ಡಾಕ್ಟ್ರಿಗೆ ಬಿಟ್ಟದ್ದು. ನಾನು ಹಾಗೆ ಮಾಡಲಿಲ್ಲ. ಉಡುಪಿಯಲ್ಲಿ ಒಬ್ಬರು, ಮಂಗಳೂರಿನಲ್ಲಿ ಇಬ್ಬರು, ಪ್ರತಿಯೊಬ್ಬರ ಹತ್ತಿರವೂ ಮೊದಲಿನಿಂದ. ಸ್ಕ್ಯಾನ್ ಮಾಡಿದಷ್ಟೂ ಏನೋ ಒಂದು ಸಿಕ್ಕೇ ಸಿಗುತ್ತದೆ. ಬೆನ್ನುನೋವೇ ಇಲ್ಲದವರ ಎಂಆರ್‌ಐಯಲ್ಲೂ ಡಿಸ್ಕ್ ಉಬ್ಬಿದ್ದು ಕಾಣುತ್ತದೆ. ಅದು ಕಂಡ ಮೇಲೆ ಬೆನ್ನು ನೋಯಲು ಶುರುವಾಗುತ್ತದೆ. ಒಬ್ಬರೇ ಡಾಕ್ಟ್ರು, ಹಳೇ ಫೈಲು ಜೊತೆಗೆ, ಇದಕ್ಕಿಂತ ದೊಡ್ಡ ಟೆಸ್ಟ್ ಇಲ್ಲ ಅಂತ ನನಗೆ ಈಗ ಅನಿಸುವುದು.

ಕೊನೆಗೆ ಸಿಕ್ಕಿದ ಡಾಕ್ಟ್ರಮ್ಮ ನನಗೆ ಒಂದು ಟೆಸ್ಟನ್ನೂ ಬರೆಯಲಿಲ್ಲ. ನಲವತ್ತು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ ಅಂದರು. ತಾರೀಕು, ಗಂಟೆ, ಆಗ ಏನು ಮಾಡುತ್ತಿದ್ದೆ, ಎಷ್ಟು ಹೊತ್ತು, ಹಿಂದಿನ ರಾತ್ರಿ ನಿದ್ದೆ ಎಷ್ಟು, ಕಾಫಿ ಎಷ್ಟು. "ಮೈ ಸರಿ ಇಲ್ಲ" ಅಂತ ಬರೆಯಬೇಡಿ, ಎಲ್ಲಿ ಏನಾಯಿತು ಅಂತ ಬರೆಯಿರಿ. ಮೂರು ತಿಂಗಳ ನಂತರ ಅವರು ಪುಟ ತಿರುಗಿಸುತ್ತಾ ಕೆಲವು ಸಾಲಿಗೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದರು. ಜುಲೈ 3, ರಾತ್ರಿ 1.40. ಆಗಸ್ಟ್ 4, ರಾತ್ರಿ 2.15. ಸೆಪ್ಟೆಂಬರ್ 3, ಸಂಜೆ, ಬಸ್ಸಿನಲ್ಲಿ. "ಐದನೇ ತಾರೀಕಿಗೆ ಎಂತ ಉಂಟು ನಿಮಗೆ?" ಅಂತ ಕೇಳಿದರು.

ಮನೆ ಸಾಲದ ಕಂತು. ಆ ವರ್ಷ ಪ್ರತಿ ತಿಂಗಳೂ ಯಾರ ಹತ್ತಿರವಾದರೂ ಕೈಸಾಲ ಮಾಡಿ ಕಟ್ಟುತ್ತಿದ್ದೆ, ಮನೆಯಲ್ಲಿ ಹೇಳಿರಲಿಲ್ಲ. ಹಗಲು ನಾನು ಅದನ್ನು ಟೆನ್ಶನ್ ಅಂತ ಲೆಕ್ಕಕ್ಕೇ ಹಾಕಿರಲಿಲ್ಲ.

ಅಲ್ಲಿಂದ ಮುಂದಿನದ್ದು ಸುಲಭ ಅಂತಲ್ಲ, ದಾರಿ ಗೊತ್ತಿರುವಂಥದ್ದು. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯಲ್ಲಿ ಹೆದರಿಕೆಯ ಲಕ್ಷಣವನ್ನು ಬೇಕೆಂತಲೇ ತಂದುಕೊಂಡು, ಏನೂ ಆಗುವುದಿಲ್ಲ ಅಂತ ಮೈಗೆ ಕಲಿಸುತ್ತಾರೆ. ಬೇಕಾದವರಿಗೆ ಮಾತ್ರೆ ಕೊಡುತ್ತಾರೆ. ಅದು ಕೆಲಸ ಮಾಡಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ ಸ್ವಲ್ಪ ಜಾಸ್ತಿಯೂ ಆಗಬಹುದು. ಅದನ್ನು ಮೊದಲೇ ಯಾರೂ ಹೇಳದಿದ್ದರೆ ನಾಲ್ಕನೇ ದಿನಕ್ಕೆ ಮಾತ್ರೆ ಕಸದ ಬುಟ್ಟಿಗೆ ಹೋಗುತ್ತದೆ. "ಮೆಂಟಲ್ ಡಾಕ್ಟ್ರ ಹತ್ತಿರವಾ?" ಅಂತ ನಮ್ಮಲ್ಲಿ ಮುಖ ಸಣ್ಣ ಮಾಡುತ್ತಾರೆ. ಜೋಯಿಸರ ಹತ್ತಿರ ಪ್ರಶ್ನೆ ಇಡಿಸಲು ಮಾತ್ರ ಯಾರಿಗೂ ನಾಚಿಕೆ ಇಲ್ಲ. ಎದುರು ಕೂತು ಹೇಳಲು ಮುಜುಗರ ಇದ್ದವರಿಗೆ ಮನಸ್ಸಿನ ತೊಂದರೆಗೆಂದೇ ಇರುವ ಸರ್ಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ ಉಂಟು, ನಂಬರ್ 14416. 2022ರಲ್ಲಿ ಶುರುವಾದದ್ದು, ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಚಿಕ್ಕಮ್ಮನ ಗಡ್ಡೆ ತೆಗೆದಾಯಿತು, ಕಬ್ಬಿಣದ ಮಾತ್ರೆಯೂ ಮುಗಿಯಿತು. ಹಿಮೋಗ್ಲೋಬಿನ್ ಈಗ 12.1. ಕದ್ರಿಯ ಮೆಟ್ಟಿಲು ಎಲ್ಲೂ ಕೂರದೆ ಹತ್ತುತ್ತಾರೆ, ಗೆರಸೆಯ ಅಕ್ಕಿ ಗೆರಸೆಯಲ್ಲೇ ಉಳಿಯುತ್ತದೆ. ಮೊನ್ನೆ ಹೋದಾಗ "ಈಗ ಹೇಗುಂಟು ಚಿಕ್ಕಮ್ಮ?" ಅಂತ ಕೇಳಿದೆ. "ಮೈ ಆರಾಮ ಉಂಟು ಮಗಾ. ಅವನು ಹೋದ ಬೇಜಾರು ಮಾತ್ರ ಹಾಗೇ ಉಂಟು" ಅಂದರು.